ಶೋಧಕನನ್ನು ಎದುರಿಸಿದ ಜಾನ್ ಬನಿಯನ್

ಸತ್ಯವೇದದಲ್ಲಿ ಸೈತಾನನಿಗೆ ಅನೇಕ ಹೆಸರುಗಳುಂಟು. ಯೋಬನ ಗ್ರಂಥದಲ್ಲಿ ಅವನು ದೇವರ ಸನ್ನಿಧಿಯಲ್ಲಿ ಭಕ್ತನ ಮೇಲೆ ತಪ್ಪು ಹೊರಿಸುವವನು. ಅರಣ್ಯದಲ್ಲಿ ನಮ್ಮ ಕರ್ತನ ಬಳಿಗೆ ಬಂದ ಶೋಧಕನು. ಪೇತ್ರನ ಪತ್ರಿಕೆಯಲ್ಲಿ ಸಿಂಹದಂತೆ ತಿರುಗಾಡುವ ವಿರೋಧಿಯು. ಪ್ರಕಟನೆಯಲ್ಲಿ ಪುರಾತನ ಸರ್ಪವು. ಈ ಹೆಸರುಗಳ ಅರ್ಥವನ್ನು ಪಂಡಿತರಿಂದಲ್ಲ, ತನ್ನ ಜೀವಮಾನದ ಕಷ್ಟದಿಂದ ಕಲಿತುಕೊಂಡ ಒಬ್ಬ ಬಡವನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಜಾನ್ ಬನಿಯನನು 1628ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಸಮೀಪದಲ್ಲಿರುವ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯು ತೂತುಬಿದ್ದ ಪಾತ್ರೆಗಳಿಗೆ ಬೆಸುಗೆ ಹಾಕಿ ಜೀವಿಸುತ್ತಿದ್ದನು. ಮಗನೂ ಅದೇ ಕಸುಬನ್ನು ಕಲಿತನು. ಪಾಠಶಾಲೆಯ ಓದು ಸ್ವಲ್ಪವೇ. 1644ರಲ್ಲಿ ತಾಯಿ ತೀರಿಹೋದಳು. ಅದೇ ವರುಷ ಆತನು ಪಾರ್ಲಿಮೆಂಟಿನ ಸೈನ್ಯವನ್ನು ಸೇರಿದನು. ಯುದ್ಧದಿಂದ ಹಿಂದಿರುಗಿ ಮದುವೆಯಾದಾಗ ಗಂಡಹೆಂಡತಿಯರಿಗೆ ಒಂದು ತಟ್ಟೆಯಾಗಲಿ ಚಮಚವಾಗಲಿ ಇರಲಿಲ್ಲ. ಆದರೆ ಆ ಸ್ತ್ರೀಯು ತನ್ನ ತಂದೆಯಿಂದ ಪಡೆದ ಎರಡು ಭಕ್ತಿಗ್ರಂಥಗಳನ್ನು ತಂದಿದ್ದಳು. ಅವುಗಳನ್ನು ಓದುತ್ತಾ, ಆಣೆಯಿಡುವುದರಲ್ಲಿ ಊರಿಗೆಲ್ಲಾ ಮುಂದಾಗಿದ್ದ ಆ ಯೌವನಸ್ಥನು ತನ್ನ ಆತ್ಮದ ವಿಷಯವಾಗಿ ಚಿಂತಿಸತೊಡಗಿದನು.

ಒಂದು ದಿನ ಬೆಡ್‌ಫರ್ಡಿನ ಬೀದಿಯಲ್ಲಿ, ಬಾಗಿಲ ಬಳಿ ಬಿಸಿಲಿಗೆ ಕುಳಿತಿದ್ದ ಮೂರು ನಾಲ್ಕು ಮಂದಿ ಬಡ ಹೆಂಗಸರು ದೇವರ ಕೃಪೆಯನ್ನು ಕುರಿತು ಮಾತಾಡುವುದನ್ನು ಆತನು ಕೇಳಿದನು. ತನಗಿಲ್ಲದ ಒಂದು ಸಂತೋಷವು ಅವರಲ್ಲಿರುವುದನ್ನು ಕಂಡು ಅವರ ಸಭೆಗೆ ಹೋಗಲಾರಂಭಿಸಿದನು. ಶೋಧಕನ ಮುತ್ತಿಗೆಯೂ ಆಗಲೇ ಬಲವಾಯಿತು.

ಆ ಶೋಧಕನಿಗೆ ಕೊಂಬುಗಳಿರಲಿಲ್ಲ, ಕಣ್ಣಿಗೆ ಕಾಣುವ ರೂಪವೂ ಇರಲಿಲ್ಲ. ಅವನು ಸ್ವರವಾಗಿ ಬಂದನು. ಪ್ರಾರ್ಥನೆಗೆ ಮೊಣಕಾಲೂರಿದರೆ ಹಿಂದಿನಿಂದ ಯಾರೋ ಬಟ್ಟೆಯನ್ನೆಳೆದಂತೆ ತೋರುವುದು. ಊಟಕ್ಕೆ ಕುಳಿತರೂ, ಕಟ್ಟಿಗೆ ಸೀಳಿದರೂ, ಬಿದ್ದ ಸೂಜಿಯನ್ನು ತೆಗೆಯಲು ಬಗ್ಗಿದರೂ, ಇದಕ್ಕಾಗಿ ಕ್ರಿಸ್ತನನ್ನು ಮಾರಿಬಿಡು ಎಂಬ ಒಂದೇ ಯೋಚನೆಯು ಬಿಡದೆ ಕಿವಿಯಲ್ಲಿ ಬಡಿಯುವುದು. ಆತನು ಸಾವಿರ ಸಾರಿ ಮಾರುವುದಿಲ್ಲವೆಂದನು. ಕಡೆಗೆ ಒಂದು ಮುಂಜಾನೆ ದಣಿದು ಹಾಸಿಗೆಯಲ್ಲಿ ಮಲಗಿದ್ದಾಗ, ಹೋಗುವುದಾದರೆ ಆತನು ಹೋಗಲಿ ಎಂಬ ಯೋಚನೆಯು ಹೃದಯದಲ್ಲಿ ಹಾದುಹೋಯಿತು. ಅಲ್ಲಿಯ ತನಕ ಪುಸಲಾಯಿಸಿದ ಶೋಧಕನು ಆ ಕ್ಷಣದಿಂದಲೇ ತಪ್ಪು ಹೊರಿಸುವವನಾದನು. ಚೊಚ್ಚಲತನವನ್ನು ಮಾರಿದ ಏಸಾವನಂತೆ ನಿನಗೂ ಕ್ಷಮೆಯಿಲ್ಲವೆಂದು ಎರಡು ವರುಷಕ್ಕೂ ಹೆಚ್ಚು ಕಾಲ ಪೀಡಿಸಿದನು. ತನ್ನ ನೀತಿಯು ತನ್ನ ಮನಸ್ಸಿನ ಏರಿಳಿತದಲ್ಲಿಲ್ಲ, ಪರಲೋಕದಲ್ಲಿರುವ ಕ್ರಿಸ್ತನಲ್ಲಿಯೇ ಇದೆ ಎಂದು ಒಂದು ದಿನ ಹೊಲದಲ್ಲಿ ನಡೆಯುತ್ತಿರುವಾಗ ತಿಳಿದುಬಂದಾಗ ಮಾತ್ರ ಆತನ ಸಂಕೋಲೆಗಳು ಕಳಚಿದವು.

ಆ ಮೇಲೆ ಆತನು ಸುವಾರ್ತೆಯನ್ನು ಸಾರತೊಡಗಿದನು. ಅರಸನ ಆಳಿಕೆ ಮರಳಿ ಬಂದ 1660ರಲ್ಲಿ, ಅಪ್ಪಣೆಯಿಲ್ಲದೆ ಕೂಟ ನಡಿಸಿದನೆಂದು ಹಿಡಿದು ಬೆಡ್‌ಫರ್ಡಿನ ಸೆರೆಮನೆಯಲ್ಲಿ ಹಾಕಿದರು. ಇನ್ನು ಬೋಧಿಸುವುದಿಲ್ಲವೆಂದು ಮಾತು ಕೊಟ್ಟರೆ ಸಾಕು, ಬಿಡುಗಡೆಯಾಗುತ್ತಿತ್ತು. ಮನೆಯಲ್ಲಿ ಎರಡನೆಯ ಹೆಂಡತಿ ಎಲಿಜಬೇತಳೂ ನಾಲ್ಕು ಮಕ್ಕಳೂ ಇದ್ದರು. ಹಿರಿಯ ಮಗಳಾದ ಮೇರಿಯು ಹುಟ್ಟುಗುರುಡಿ. ಆ ಮಗುವು ಹಸಿವೆಯನ್ನೂ ಚಳಿಯನ್ನೂ ಹೇಗೆ ತಾಳುವುದೆಂದು ನೆನೆಯುವಾಗ ಎಲುಬಿನಿಂದ ಮಾಂಸವನ್ನು ಕಿತ್ತಂತೆ ಆತನಿಗೆ ವೇದನೆಯಾಗುತ್ತಿತ್ತು. ಸೆರೆಯಲ್ಲಿಯೇ ಲಾಡಿಗಳನ್ನು ತಯಾರಿಸಿ ಮಾರಿಸಿ ಮನೆಯವರಿಗೆ ನೆರವಾದನು. ಮಾತು ಮಾತ್ರ ಕೊಡಲಿಲ್ಲ. ಹೀಗೆ 12 ವರುಷ ಕಳೆದವು.

ಸೆರೆಯ ಮೊದಲ ದಿನಗಳಲ್ಲಿ ತನ್ನನ್ನು ಗಲ್ಲಿಗೇರಿಸುವರೆಂದು ಆತನು ನಂಬಿದ್ದನು. ಆಗ ದೇವರ ಸಂತೈಸುವಿಕೆಯೂ ಮರೆಯಾದಂತಿತ್ತು. ಸತ್ತ ಮೇಲೆ ಎಲ್ಲಿಗೆ ಹೋಗುವಿ, ಪರಲೋಕವುಂಟೆಂಬುದಕ್ಕೆ ನಿನಗೇನು ಗುರುತು ಎಂದು ಶೋಧಕನು ಕೇಳಿದನು. ಯೋಬನು ಲಾಭಕ್ಕಾಗಿಯೇ ದೇವರನ್ನು ಸೇವಿಸುತ್ತಾನೆಂದು ಸೈತಾನನು ಹೊರಿಸಿದ ದೂರನ್ನು ಬನಿಯನನು ನೆನಸಿದನು. ದೇವರು ತನಗೆ ಸಮಾಧಾನ ಕೊಡಲಿ ಕೊಡದಿರಲಿ, ಪರಲೋಕ ಬರಲಿ ನರಕ ಬರಲಿ, ಗಲ್ಲಿನ ಏಣಿಯಿಂದ ಕಣ್ಣುಕಟ್ಟಿಕೊಂಡವನಂತೆ ಕ್ರಿಸ್ತನ ಹೆಸರಿನಲ್ಲಿ ಜಿಗಿಯುವೆನೆಂದು ನಿಶ್ಚಯಿಸಿದನು. ಕೂಲಿಯನ್ನು ಕೇಳದೆ ಸೇವಿಸುವವನನ್ನು ಯಾವ ಬೆಲೆಗೆ ಕೊಳ್ಳಬಹುದು? ಶೋಧಕನ ಚೀಲದಲ್ಲಿ ಬೇರೆ ಹಣವಿರಲಿಲ್ಲ.

1672ರಲ್ಲಿ ಬಿಡುಗಡೆಯಾಯಿತು. 1678ರಲ್ಲಿ ಆತನ ಯಾತ್ರಿಕನ ಕಥೆಯು ಅಚ್ಚಾಯಿತು. ಮಂಗಳೂರಿನ ಬಾಸೆಲ್ ಮಿಶನಿನವರು 19ನೆಯ ಶತಮಾನದಲ್ಲಿಯೇ ಅದನ್ನು ಯಾತ್ರಿಕನ ಸಂಚಾರವೆಂಬ ಹೆಸರಿನಿಂದ ಕನ್ನಡಿಗರಿಗೆ ಕೊಟ್ಟರು. ಅದರಲ್ಲಿ ಅಪೊಲ್ಲುವೋನನೆಂಬ ವೈರಿಯು ಮೀನಿನ ಪರೆ, ಕರಡಿಯ ಕಾಲು, ಸಿಂಹದ ಬಾಯಿಯುಳ್ಳವನಾಗಿ ತಗ್ಗಿನ ದಾರಿಯಲ್ಲಿ ಅಡ್ಡನಿಲ್ಲುತ್ತಾನೆ. ಆದರೆ ಬಾಣ ಎಸೆಯುವ ಮೊದಲು ಅವನು ಮಾಡುವುದು ಮಾತನ್ನೇ: ಹೆಚ್ಚು ಸಂಬಳ ಕೊಡುತ್ತೇನೆನ್ನುತ್ತಾನೆ, ಬಳಿಕ ಯಾತ್ರಿಕನ ಹಳೆಯ ತಪ್ಪುಗಳನ್ನು ಎಣಿಸುತ್ತಾನೆ. ಯಾತ್ರಿಕನಿಗೆ ಬೆನ್ನಿಗೆ ಕವಚವಿಲ್ಲ. ಆದಕಾರಣ ತಿರುಗಿ ಓಡದೆ ನಿಲ್ಲುತ್ತಾನೆ. 1682ರಲ್ಲಿ ಬರೆದ ಪವಿತ್ರ ಯುದ್ಧವೆಂಬ ಗ್ರಂಥದಲ್ಲಿ ಮನುಷ್ಯಾತ್ಮವೆಂಬ ಪಟ್ಟಣಕ್ಕೆ ಕಿವಿ, ಕಣ್ಣು ಮುಂತಾದ ಐದು ಬಾಗಿಲುಗಳು. ಒಳಗಿರುವವರು ಒಪ್ಪದೆ ವೈರಿಯು ಅವುಗಳಲ್ಲಿ ಒಂದನ್ನೂ ತೆರೆಯಲಾರನು.

1688ರಲ್ಲಿ, ಮಗನ ಮೇಲೆ ಮುನಿದಿದ್ದ ಒಬ್ಬ ತಂದೆಯನ್ನು ಸಮಾಧಾನಪಡಿಸಲು ಬನಿಯನನು ಕುದುರೆಯೇರಿ ರೆಡಿಂಗ್ ಪಟ್ಟಣಕ್ಕೆ ಹೋದನು. ಅವರನ್ನು ಒಂದುಗೂಡಿಸಿ ಲಂಡನಿಗೆ ಬರುವಾಗ ಮಳೆಯಲ್ಲಿ ನೆನೆದು ಜ್ವರಬಂದು ಆಗಸ್ಟ್ 31ರಂದು ತೀರಿಹೋದನು. ಆತನ ಸಮಾಧಿಯು ಲಂಡನಿನ ಬನ್‌ಹಿಲ್ ಫೀಲ್ಡ್ಸಿನಲ್ಲಿದೆ.

ಪ್ರಿಯ ವಾಚಕರೇ, ಕತ್ತಲೆಯಲ್ಲಿಯೂ ಮರದಡಿಯಲ್ಲಿಯೂ ಸೈತಾನನನ್ನು ಹುಡುಕಿ ಹೆದರುವವರು ನಮ್ಮಲ್ಲಿ ಇದ್ದಾರೆ. ಅವನು ಬರುವುದು ನ್ಯಾಯವಾದ ಮಾತಿನಂತೆ, ಮನೆಯವರ ಮೇಲಣ ಪ್ರೀತಿಯಂತೆ, ನಮ್ಮದೇ ಪಾಪದ ನೆನಪಿನಂತೆ. ನೀವು ಲಾಭಕ್ಕಾಗಿ ಕ್ರಿಸ್ತನ ಬಳಿಗೆ ಬಂದವರೆಂದು ಜನರು ಹಂಗಿಸುವಾಗ ಆ ಹಳೆಯ ದೂರನ್ನು ಗುರುತಿಸಿಕೊಳ್ಳಿರಿ. ಅದಕ್ಕೆ ಬಾಯಿಮಾತಿನ ಉತ್ತರವು ಸಾಲದು. ಬೆಸುಗೆಯವನ ಮಗನು 12 ವರುಷ ಸೆರೆಯಲ್ಲಿ ಕುಳಿತು ಅದಕ್ಕೆ ಉತ್ತರ ಕೊಟ್ಟನು.