ಎಡ್ವರ್ಡ್ ಬರ್ನೇಸ್ (1891–1995): ಜೀವನ ಪರಿಚಯ

ಸರ್ಕಾರದ ಇಲಾಖೆಗಳು, ಬ್ಯಾಂಕುಗಳು ಹಾಗೂ ಉದ್ದಿಮೆಗಳು ಸಾರ್ವಜನಿಕ ಸಂಪರ್ಕ ಅಧಿಕಾರಿಗಳನ್ನು ನೇಮಿಸಿಕೊಳ್ಳುವುದು ಸಾಮಾನ್ಯ ಸಂಗತಿಯಾಗಿದೆ. ಸದರಿ ಕಾರ್ಯಕ್ಕೆ ಶಾಸ್ತ್ರೀಯ ತಳಹದಿಯನ್ನು ಒದಗಿಸಲು ಶ್ರಮಿಸಿದವರಲ್ಲಿ ಅಮೆರಿಕದ ಎಡ್ವರ್ಡ್ ಬರ್ನೇಸ್ ಅವರು ಪ್ರಮುಖರು. ಜನಾಭಿಪ್ರಾಯವನ್ನು ರೂಪಿಸುವ ಜ್ಞಾನವು ಜನಹಿತಕ್ಕೂ, ಜನವಂಚನೆಗೂ ಸಮಾನವಾಗಿ ಬಳಕೆಯಾಗಬಲ್ಲದು ಎಂಬುದಕ್ಕೆ ಇವರ ಜೀವನವೇ ನಿದರ್ಶನವಾಗಿದೆ.

ಜನನ ಮತ್ತು ಶಿಕ್ಷಣ

ಬರ್ನೇಸ್ ಅವರು 1891ರ ನವೆಂಬರ್ 22ರಂದು ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಮನೋವಿಶ್ಲೇಷಣೆಯ ಜನಕರಾದ ಸಿಗ್ಮಂಡ್ ಫ್ರಾಯ್ಡ್ ಅವರು ಇವರಿಗೆ ಸೋದರಮಾವನಾಗಬೇಕು. ಇವರು ಶಿಶುವಾಗಿರುವಾಗಲೇ ಕುಟುಂಬವು ನ್ಯೂಯಾರ್ಕ್ ನಗರಕ್ಕೆ ವಲಸೆ ಬಂದಿತು. 1912ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಕೃಷಿ ಪದವಿಯನ್ನು ಪಡೆದರೂ, ಇವರ ಆಸಕ್ತಿಯು ಪತ್ರಿಕೋದ್ಯಮ ಮತ್ತು ನಾಟಕ ಕಂಪನಿಗಳ ಪ್ರಚಾರ ಕಾರ್ಯದ ಕಡೆಗೆ ಹರಿಯಿತು.

ವೃತ್ತಿ ಮತ್ತು ಅಧ್ಯಯನ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರದ ಸಾರ್ವಜನಿಕ ಮಾಹಿತಿ ಸಮಿತಿಯಲ್ಲಿ ಸೇವೆ ಸಲ್ಲಿಸಿದ ಬರ್ನೇಸ್ ಅವರು, ಯುದ್ಧಕಾಲದಲ್ಲಿ ಫಲ ನೀಡಿದ ಪ್ರಚಾರ ವಿಧಾನಗಳನ್ನು ಶಾಂತಿಕಾಲದಲ್ಲಿಯೂ ಬಳಸಬಹುದೆಂದು ಮನಗಂಡರು. 1919ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ವಂತ ಕಚೇರಿಯನ್ನು ತೆರೆದರು. ಈ ಕಾರ್ಯದಲ್ಲಿ ಸಹಭಾಗಿಯಾದ ಡೋರಿಸ್ ಫ್ಲೈಶ್‌ಮನ್ ಅವರನ್ನು 1922ರಲ್ಲಿ ವಿವಾಹವಾದರು.

ಜನರು ಪ್ರತ್ಯಕ್ಷ ಜಗತ್ತಿಗಿಂತ ಮಿಗಿಲಾಗಿ ತಮ್ಮ ಮನಸ್ಸಿನಲ್ಲಿರುವ ಜಗತ್ತಿನ ಚಿತ್ರವನ್ನು ಆಧರಿಸಿ ನಡೆಯುತ್ತಾರೆ ಎಂದು ವಾಲ್ಟರ್ ಲಿಪ್‌ಮನ್ ಅವರು 1922ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದರು. ಈ ವಿಚಾರವನ್ನು ಬಳಸಿಕೊಂಡು ಬರ್ನೇಸ್ ಅವರು 1923ರಲ್ಲಿ ಜನಾಭಿಪ್ರಾಯವು ರೂಪುಗೊಳ್ಳುವ ಬಗೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಅದೇ ವರ್ಷ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ಬೋಧಿಸಿದರು. ವ್ಯಕ್ತಿಯು ತಾನು ಸೇರಿದ ಗುಂಪಿನ ಹಾಗೂ ತಾನು ನಂಬುವ ಮುಖಂಡರ ಮೂಲಕವೇ ಅಭಿಪ್ರಾಯ ತಳೆಯುತ್ತಾನೆ. ಆದ್ದರಿಂದ ವಸ್ತುವನ್ನು ನೇರವಾಗಿ ಹೊಗಳುವ ಬದಲು ಅಂತಹ ಮುಖಂಡರನ್ನು ಒಲಿಸಿಕೊಂಡು, ಸುದ್ದಿಯಾಗುವಂತಹ ಘಟನೆಯನ್ನು ಏರ್ಪಡಿಸಬೇಕು ಎಂಬುದು ಇವರ ವಿಧಾನದ ಸಾರವಾಗಿತ್ತು.

ವಿವಾದಗಳು

1929ರ ಈಸ್ಟರ್ ಹಬ್ಬದ ದಿನ ನ್ಯೂಯಾರ್ಕ್‌ನ ಬೀದಿಯಲ್ಲಿ ಕೆಲವು ಯುವತಿಯರು ಬಹಿರಂಗವಾಗಿ ಸಿಗರೇಟು ಸೇದಿದರು. ಮಹಿಳೆಯರ ಸ್ವಾತಂತ್ರ್ಯದ ಕುರುಹೆಂದು ಪತ್ರಿಕೆಗಳಲ್ಲಿ ವರದಿಯಾದ ಈ ಘಟನೆಯನ್ನು ಏರ್ಪಡಿಸಿದ್ದವರು ಬರ್ನೇಸ್. ವೆಚ್ಚ ಭರಿಸಿದ್ದು ಅಮೆರಿಕನ್ ಟೊಬ್ಯಾಕೊ ಕಂಪನಿ. ಓದುಗರಿಗೆ ಇದು ತಿಳಿದಿರಲಿಲ್ಲ.

1950ರ ದಶಕದಲ್ಲಿ ಯುನೈಟೆಡ್ ಫ್ರೂಟ್ ಕಂಪನಿಯ ಪರವಾಗಿ ಗ್ವಾಟೆಮಾಲಾ ದೇಶಕ್ಕೆ ಪತ್ರಕರ್ತರನ್ನು ಕರೆದೊಯ್ದು, ಅಲ್ಲಿನ ಚುನಾಯಿತ ಸರ್ಕಾರವು ಕಮ್ಯುನಿಸ್ಟರ ವಶದಲ್ಲಿದೆ ಎಂಬ ಅಭಿಪ್ರಾಯವನ್ನು ಹರಡಲು ಇವರು ನೆರವಾದರು. 1954ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯ ಬೆಂಬಲದಿಂದ ಆ ಸರ್ಕಾರವನ್ನು ಉರುಳಿಸಲಾಯಿತು.

ಜರ್ಮನಿಯ ಗೋಬೆಲ್ಸ್ ಯಹೂದಿಗಳ ವಿರುದ್ಧದ ಪ್ರಚಾರಕ್ಕೆ ತಮ್ಮ 1923ರ ಗ್ರಂಥವನ್ನೇ ಬಳಸುತ್ತಿದ್ದ ವಿಷಯವು 1933ರಲ್ಲಿ ಪತ್ರಕರ್ತರೊಬ್ಬರಿಂದ ತಿಳಿದುಬಂದಿತೆಂದು ಬರ್ನೇಸ್ ಅವರೇ 1965ರ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಕೊನೆಯ ವರ್ಷಗಳು

ಧೂಮಪಾನದ ಹಾನಿಯನ್ನು ಕುರಿತ ಅಮೆರಿಕ ಸರ್ಕಾರದ 1964ರ ವರದಿಯ ತರುವಾಯ ಇವರು ಧೂಮಪಾನದ ವಿರುದ್ಧವೇ ಪ್ರಚಾರ ಕೈಗೊಂಡರು. ವೈದ್ಯರು ಹಾಗೂ ವಕೀಲರಂತೆ ಸಾರ್ವಜನಿಕ ಸಂಪರ್ಕ ವೃತ್ತಿಯವರೂ ಪರವಾನಗಿ ಪಡೆಯಬೇಕೆಂದು ಒತ್ತಾಯಿಸಿದರಾದರೂ ಅದು ಈಡೇರಲಿಲ್ಲ. 1995ರ ಮಾರ್ಚ್ 9ರಂದು ಮೆಸಾಚುಸೆಟ್ಸ್ ರಾಜ್ಯದ ಕೇಂಬ್ರಿಡ್ಜ್‌ನಲ್ಲಿ 103ನೆಯ ವಯಸ್ಸಿನಲ್ಲಿ ನಿಧನರಾದರು.

ಸಾರ್ವಜನಿಕರ ಗಮನಕ್ಕೆ

ಬರ್ನೇಸ್ ಅವರ ವಿಧಾನಗಳು ಯಶಸ್ವಿಯಾಗಲು ಮಾಹಿತಿಯ ಹಿಂದಿದ್ದವರ ಹೆಸರು ಮರೆಯಲ್ಲಿ ಉಳಿದದ್ದೂ ಒಂದು ಕಾರಣ. ಆದ್ದರಿಂದ ಯಾವುದೇ ಪ್ರಕಟಣೆಯನ್ನು ನಂಬುವ ಮೊದಲು, ಅದನ್ನು ಹೊರಡಿಸಿದವರು ಯಾರು, ಅದರ ವೆಚ್ಚ ಭರಿಸಿದವರು ಯಾರು, ಅದರಿಂದ ಪ್ರಯೋಜನ ಪಡೆಯುವವರು ಯಾರು ಎಂಬುದನ್ನು ಪರಿಶೀಲಿಸುವುದು ಸೂಕ್ತ. ಸರ್ಕಾರದ ಪ್ರಕಟಣೆಗಳಿಗೂ ಇದು ಅನ್ವಯಿಸುತ್ತದೆ. ಹೊರಡಿಸಿದ ಕಚೇರಿಯ ಹೆಸರು, ಆದೇಶದ ಸಂಖ್ಯೆ ಹಾಗೂ ದಿನಾಂಕವನ್ನು ಕೇಳಿ ತಿಳಿಯುವುದು ಪ್ರತಿಯೊಬ್ಬ ಅರ್ಜಿದಾರರ ಹಕ್ಕಾಗಿದೆ.