ಸುಮ್ಮನಾದ ಮಗುವಿನ ನೋವನ್ನು ಅರಿತ ವೈದ್ಯ ಜಾನ್ ಬೌಲ್ಬಿ

ಮಕ್ಕಳೇ, ನಿಮ್ಮ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಗಮನಿಸಿ. ಅಮ್ಮ ಕಣ್ಮರೆಯಾದರೆ ಸಾಕು, ಹೊಟ್ಟೆ ತುಂಬಿದ್ದರೂ ಮಗು ಅಳತೊಡಗುತ್ತದೆ. ಏಕೆ? ಇದಕ್ಕೆ ಉತ್ತರ ಹುಡುಕಿದವರು ಜಾನ್ ಬೌಲ್ಬಿ.

ಬೌಲ್ಬಿ 1907ರ ಫೆಬ್ರವರಿ 26ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಹೆಸರಾಂತ ಶಸ್ತ್ರವೈದ್ಯರು. ಅಂದಿನ ಸಿರಿವಂತರ ಮನೆಗಳಲ್ಲಿ ಮಕ್ಕಳನ್ನು ದಾದಿಯರೇ ಸಾಕುತ್ತಿದ್ದರು. ಜಾನ್ ತಾಯಿಯನ್ನು ಕಾಣುತ್ತಿದ್ದುದು ದಿನಕ್ಕೆ ಸುಮಾರು ಒಂದು ಗಂಟೆ ಮಾತ್ರ. ಅವರಿಗೆ ಸುಮಾರು ನಾಲ್ಕು ವರ್ಷವಾದಾಗ ಅಕ್ಕರೆಯ ದಾದಿಯೂ ಕೆಲಸ ಬಿಟ್ಟು ಹೋದಳು. ಆ ಅಗಲಿಕೆಯನ್ನು ಅವರು ದೊಡ್ಡವರಾದ ಮೇಲೂ ಮರೆಯಲಿಲ್ಲ.

ಮುಂದೆ ಮನೋವೈದ್ಯರಾದ ಬೌಲ್ಬಿ, ಕಳ್ಳತನದ ಅಭ್ಯಾಸವಿದ್ದ 44 ಮಕ್ಕಳ ಬಾಲ್ಯವನ್ನು ಪರಿಶೀಲಿಸಿದರು. ಅವರಲ್ಲಿ 14 ಮಕ್ಕಳು ಯಾರ ಮೇಲೂ ಅಕ್ಕರೆ ತೋರುತ್ತಿರಲಿಲ್ಲ. ಈ 14ರಲ್ಲಿ 12 ಮಕ್ಕಳು ಎಳವೆಯಲ್ಲಿ ಬಹುಕಾಲ ತಾಯಿಯಿಂದ ದೂರವಿದ್ದವರು! ಕಳ್ಳತನ ಮಾಡದ ಬೇರೆ 44 ಮಕ್ಕಳಲ್ಲಿ ಹಾಗಿದ್ದವರು ಇಬ್ಬರೇ. 1944ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಇಷ್ಟು ಕಡಿಮೆ ಮಕ್ಕಳಿಂದ ತೀರ್ಮಾನಕ್ಕೆ ಬರಲಾಗದು, ನಿಜ. ಆದರೆ ಮುಂದಿನ ಸಂಶೋಧನೆಗೆ ಅದು ದಾರಿಯಾಯಿತು.

ಆಗ ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ರೋಗಿ ಮಕ್ಕಳ ಬಳಿ ತಾಯಿಯನ್ನು ಬಿಡುತ್ತಿರಲಿಲ್ಲ. ಮಗು ಮೊದಲು ಅತ್ತು, ಆಮೇಲೆ ಸುಮ್ಮನಾಗುತ್ತಿತ್ತು. ಮಗು ಹೊಂದಿಕೊಂಡಿತು ಎಂದು ಸಿಬ್ಬಂದಿ ಭಾವಿಸುತ್ತಿದ್ದರು. ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಹತ್ತಿರದಿಂದ ನೋಡಿದಾಗ ಸತ್ಯ ತಿಳಿಯಿತು. ಆ ಮೌನ ನೆಮ್ಮದಿಯಲ್ಲ, ನಿರಾಶೆ! ಕೆಲವು ಮಕ್ಕಳು ಕೊನೆಗೆ ಅಮ್ಮ ಬಂದರೂ ಮುಖ ತಿರುಗಿಸುತ್ತಿದ್ದರು. ರಾಬರ್ಟ್‌ಸನ್ 1952ರಲ್ಲಿ ಇದನ್ನು ಚಲನಚಿತ್ರದಲ್ಲಿ ತೋರಿಸಿದರು. ಹಲವು ವೈದ್ಯರು ಸಿಟ್ಟಾದರು. ಆದರೆ 1959ರಲ್ಲಿ ಸರ್ಕಾರಿ ಸಮಿತಿಯೊಂದು, ಮಕ್ಕಳನ್ನು ನೋಡಲು ತಂದೆತಾಯಿಗೆ ನಿರ್ಬಂಧ ಬೇಡವೆಂದು ಶಿಫಾರಸು ಮಾಡಿತು.

ಹಾಗಾದರೆ ಮಗು ಅಳುವುದೇಕೆ? ಬೌಲ್ಬಿ 1969ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಆದಿಮಾನವನ ಕಾಲದಲ್ಲಿ ಒಂಟಿ ಮಗು ಕಾಡುಮೃಗಕ್ಕೆ ತುತ್ತಾಗುತ್ತಿತ್ತು. ಅತ್ತು ಕರೆದು, ಅಪ್ಪಿಕೊಂಡು ಹತ್ತಿರವಿದ್ದ ಮಗು ಉಳಿಯುತ್ತಿತ್ತು. ಆದ್ದರಿಂದ ಅಳು ಹಟವಲ್ಲ, ರಕ್ಷಣೆಯ ಕರೆ. ಬೌಲ್ಬಿ 1990ರ ಸೆಪ್ಟೆಂಬರ್ 2ರಂದು ನಿಧನರಾದರು.

ಈ ಬಾಂಧವ್ಯ ಹೆತ್ತ ತಾಯಿಯೊಂದಿಗೇ ಇರಬೇಕೆಂದಿಲ್ಲ ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ. ಅಪ್ಪ, ಅಜ್ಜಿ, ಸಾಕಿದ ಯಾರೇ ಆಗಲಿ, ಪ್ರೀತಿಯಿಂದ ಸದಾ ಜೊತೆಗಿದ್ದರೆ ಮಗು ನೆಮ್ಮದಿಯಾಗಿ ಬೆಳೆಯುತ್ತದೆ.

ಮಾಡಿ ನೋಡಿ: ಮನೆಯಲ್ಲಿ ಪುಟ್ಟ ಮಗುವಿದ್ದರೆ, ಹೊಸಬರು ಬಂದಾಗ ಅದು ಯಾರತ್ತ ಓಡುತ್ತದೆ? ಗಮನಿಸಿ ಬರೆದಿಡಿ. ಆದರೆ ಪರೀಕ್ಷೆಗೆಂದು ಮಗುವನ್ನು ಅಳಿಸಬೇಡಿ!