ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದ ಗಳಗನಾಥರು

ಹಾವೇರಿ: ಸುಮಾರು ನೂರು ವರ್ಷದ ಹಿಂದೆ ನಮ್ಮ ಭಾಗದ ಊರುಗಳಿಗೆ ಒಬ್ಬ ಹಿರಿಯರು ತಲೆ ಮೇಲೆ ಪುಸ್ತಕದ ಗಂಟು ಹೊತ್ತು ಬರ್ತಿದ್ರು. ಯಾರೋ ಮಾರಾಟಗಾರ ಇರಬೇಕು ಅಂದುಕೊಂಡರೆ ತಪ್ಪು. ಆ ಪುಸ್ತಕ ಬರೆದವರೂ ಅವರೇ.

ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ವರದಾ ನದಿ ತುಂಗಭದ್ರೆಗೆ ಕೂಡುವ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದರು. ಊರ ಹೆಸರೇ ಅವರ ಹೆಸರಾಯಿತು. ಓದು ಮುಗಿಸಿ ಸಾಲಿ ಮಾಸ್ತರರಾದರು. ತಿಂಗಳಾ ಪಗಾರ ಬರುವ ಕೆಲಸ, ಮನೆಯವರಿಗೆ ಇನ್ನೇನು ಬೇಕು? ಅಂಥಾ ಕೆಲಸವನ್ನೇ ಬಿಟ್ಟು ಅವರು ಬರವಣಿಗೆ ನಂಬಿ ಹೊರಟರು.

ಆಗ ಹಾವೇರಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗಿತ್ತು. ಓದಿದವರ ಕೈಯಲ್ಲಿ ಮರಾಠಿ ಪುಸ್ತಕವೇ ಹೆಚ್ಚು. ಕನ್ನಡದಲ್ಲಿ ಬರೆದರೆ ಗಿರಾಕಿ ಎಲ್ಲಿಂದ ತರೋದು? 1907ರಲ್ಲಿ ಇಲ್ಲೇ ಹತ್ತಿರದ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ಅದರ ಭಾರ ಗಳಗನಾಥರ ಮೇಲೆ ಬಿತ್ತು. ಅದರಲ್ಲಿ ಬಂದ ಅವರ ಕಥೆಗಳಿಗೆ ಜನ ಹತ್ತಿಕೊಂಡರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರ ಬಿದ್ದ ಕಥೆಯ ‘ಕನ್ನಡಿಗರ ಕರ್ಮಕಥೆ’ ಹಾಗೆ ಬಂದದ್ದು. ಅದೇ ರಾಜ್ಯ ಕಟ್ಟಿದ ಕಥೆ ‘ಮಾಧವ ಕರುಣಾ ವಿಲಾಸ’ ಮಾತ್ರ ಅವರ ಸ್ವಂತದ್ದು. ಖರೇ ಹೇಳಬೇಕಂದ್ರ, ಈಗ ಓದುವವರಿಗೆ ಅದರಲ್ಲಿ ನೀತಿ ಮಾತು ಸ್ವಲ್ಪ ಜಾಸ್ತಿ ಅನಿಸಬಹುದು. ಮಾಸ್ತರಿಕೆ ಬಿಟ್ಟರೂ ಮಾಸ್ತರರ ಗುಣ ಬಿಡಲಿಲ್ಲ ನೋಡ್ರಿ.

ಮುಂದೆ ಅಗಡಿ ಬಿಟ್ಟು ಹಾವೇರಿಗೆ ಬಂದು ‘ಸದ್ಗುರು’ ಪತ್ರಿಕೆ ನಡೆಸಿದರು.

ಭಾಷಣಗಳಲ್ಲಿ ಅವರನ್ನು ಕಾದಂಬರಿ ಪಿತಾಮಹ ಅಂತ ಹೊಗಳಿ ಮುಗಿಸುತ್ತೇವೆ. ಆದರೆ ಅಂಗಡಿ ಇಟ್ಟವರಿಗೆ ಅವರ ಇನ್ನೊಂದು ಕಷ್ಟ ಬೇಗ ತಿಳಿದೀತು. ಪುಸ್ತಕ ಅಚ್ಚಾಗುವ ಮೊದಲೇ ಕಾಗದಕ್ಕೆ, ಅಚ್ಚುಕೂಟಕ್ಕೆ ರೊಕ್ಕ ಎಣಿಸಬೇಕು. ಮಾಲು ಮನೆಯಲ್ಲಿ ಕೂತರೆ ಹಾಕಿದ ಬಂಡವಾಳವೂ ಅಲ್ಲೇ ಕೂತಂತೆ. ಕನ್ನಡ ಪುಸ್ತಕ ಕೇಳಿಕೊಂಡು ಬರುವವರು ಕಡಿಮೆ ಇದ್ದ ಕಾಲ. ಅದಕ್ಕೇ ಗಂಟು ಕಟ್ಟಿ ತಾವೇ ಹೊರಟರು. ಬರೆದ ಕೈಯಿಂದಲೇ ಗಂಟು ಬಿಚ್ಚಿ ಪುಸ್ತಕ ತೋರಿಸುವುದು, ಬೇಡ ಅಂದರೆ ಮತ್ತೆ ಕಟ್ಟಿ ಮುಂದಿನ ಮನೆಗೆ ಹೋಗುವುದು. ದೊಡ್ಡ ಲೇಖಕ ಅನಿಸಿಕೊಂಡ ಮೇಲೂ ಈ ತಿರುಗಾಟಕ್ಕೆ ಅವರು ನಾಚಲಿಲ್ಲ. ಕನ್ನಡ ಓದುವ ರೂಢಿಯೇ ಇಲ್ಲದ ಎಷ್ಟೋ ಮನೆಗಳಿಗೆ ಮೊದಲ ಕನ್ನಡ ಕಾದಂಬರಿ ಹೋದದ್ದು ಹೀಗೇ ಇರಬೇಕು.

1942ರಲ್ಲಿ ತೀರಿಕೊಂಡರು. ಗಳಗನಾಥಕ್ಕೆ ಇವತ್ತು ಹೋಗುವವರು ಗಳಗೇಶ್ವರನ ಗುಡಿ, ನದಿ ಸಂಗಮ ನೋಡಿ ತಿರುಗಿ ಬರುತ್ತಾರೆ. ಮುಂದಿನ ಸಲ ಹೋದಾಗ ಈ ಮಾಸ್ತರರನ್ನೂ ನೆನೆಸಿರಿ. ಹಾಂ, ನಿಮ್ಮ ಮನೆ ಅಟ್ಟದ ಮೇಲೆ ಅಜ್ಜನ ಕಾಲದ ಟ್ರಂಕು ಇದ್ದರೆ ಒಮ್ಮೆ ತೆಗೆದು ನೋಡಿ. ಗಳಗನಾಥರ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡ್ರಿ.